ಎದುರಾಳಿ ನಿಮಗೇಕೆ ಮತ ಹಾಕಬೇಕು?

ಕ್ರಿ.ಪೂ. 4000ದಲ್ಲಿ ನದಿಯ ಪಕ್ಕ ಮೊದಲ ಊರು ಕಟ್ಟಿದ ನಿಮ್ಮ ಜನ ಇಪ್ಪತ್ತನೇ ಶತಮಾನವನ್ನೂ ದಾಟಿದ್ದಾರೆ. ಭೂಪಟದಲ್ಲಿ ಇನ್ನೂ ಏಳು ರಾಷ್ಟ್ರಗಳಿವೆ. ಒಂದರ ಜೊತೆ ತಲೆಮಾರುಗಳಿಂದ ಗಡಿ ಜಗಳ. ಇನ್ನೊಂದರ ಬಾಹ್ಯಾಕಾಶ ನೌಕೆ ಅರ್ಧ ಸಿದ್ಧವಾಗಿದೆ. ಮತ್ತೊಂದರ ಸೇನೆ ನಿಮ್ಮದರ ಎರಡು ಪಟ್ಟು. ಅಷ್ಟರಲ್ಲಿ ವಿಶ್ವಸಂಸ್ಥೆಯ ಅಧಿವೇಶನ ಸೇರುತ್ತದೆ. ವಿಶ್ವನಾಯಕನ ಆಯ್ಕೆ ನಡೆಯಬೇಕು. ಬೇಕಾದಷ್ಟು ಮತ ಬಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಒಂದು ಗುಂಡೂ ಹಾರಿಸದೆ ನೀವು ಗೆದ್ದಿರುತ್ತೀರಿ. ‘ಸಿವಿಲೈಸೇಷನ್’ ಸರಣಿಯ ಕಂಪ್ಯೂಟರ್ ಗೇಮ್‌ಗಳನ್ನು ಆಡುವವರು ಇದನ್ನು ಡಿಪ್ಲೊಮ್ಯಾಟಿಕ್ ವಿಕ್ಟರಿ ಎನ್ನುತ್ತಾರೆ. ರಾಜತಾಂತ್ರಿಕ ಗೆಲುವು.

ಯುದ್ಧದಿಂದ ಬರುವ ಗೆಲುವನ್ನು ಯಾರೂ ವಿವರಿಸಬೇಕಿಲ್ಲ. ಬಾಹ್ಯಾಕಾಶಕ್ಕೆ ಮೊದಲು ಹಾರಿದವನು ಗೆದ್ದ ಎಂದರೂ ಅರ್ಥವಾಗುತ್ತದೆ. ಮತದಿಂದ ಗೆಲ್ಲುವ ವಿಷಯ ಹಾಗಲ್ಲ. ಆಟದಲ್ಲಿರುವ ಎಲ್ಲರೂ ಗೆಲ್ಲಲೆಂದೇ ಆಡುತ್ತಿದ್ದಾರೆ, ಗೆಲ್ಲುವುದು ಮಾತ್ರ ಒಬ್ಬನೇ. ನಿಮಗೆ ಮತ ಹಾಕಿದರೆ ತಾನು ಸೋತಂತೆ ಎಂದು ಗೊತ್ತಿರುವ ಎದುರಾಳಿ ಯಾವ ಕಾರಣಕ್ಕೆ ನಿಮಗೆ ಮತ ಹಾಕಬೇಕು? ಸ್ವಲ್ಪ ಬುದ್ಧಿ ಇರುವ ಯಾರೂ ಹಾಕುವುದಿಲ್ಲ. ಹಾಕದಿದ್ದರೆ ಮತದಾನವೇ ವ್ಯರ್ಥ. ಹಾಕಿದರೆ ಎದುರಾಳಿ ಎದುರಾಳಿಯೇ ಅಲ್ಲ. ಗೇಮ್ ರೂಪಿಸುವವರು ಸುಮಾರು ಕಾಲು ಶತಮಾನ ಈ ಗಂಟನ್ನು ಬಿಚ್ಚಲು ಹೆಣಗಿದ್ದಾರೆ. ಪ್ರತಿ ಆವೃತ್ತಿಯಲ್ಲೂ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಮತ ಎಂಬುದಕ್ಕೆ ಬೆಲೆ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಹೆಚ್ಚು ತಿಳಿಯುತ್ತದೆ.

1991ರಲ್ಲಿ ಸಿಡ್ ಮೈಯರ್ ಮೊದಲ ‘ಸಿವಿಲೈಸೇಷನ್’ ಹೊರತಂದಾಗ ಅದರಲ್ಲಿ ಮತದಾನ ಇರಲಿಲ್ಲ. ಎಲ್ಲರನ್ನೂ ಸೋಲಿಸಬೇಕಿತ್ತು, ಇಲ್ಲವೇ ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆ ಕಳಿಸಬೇಕಿತ್ತು. ಹಾಗೆ ಹೊರಟ ನೌಕೆ ಅಲ್ಲಿ ತಲುಪಿದ ಮೇಲೆ ಏನಾಯಿತು ಎಂಬುದೇ 1999ರಲ್ಲಿ ಫಿರಾಕ್ಸಿಸ್ ಕಂಪನಿ ತಂದ ‘ಆಲ್ಫಾ ಸೆಂಟಾರಿ’ ಗೇಮ್‌ನ ಕಥೆ. ಅದನ್ನು ರೂಪಿಸಿದವರು ಬ್ರಯಾನ್ ರೆನಾಲ್ಡ್ಸ್. ಹೊಸ ಗ್ರಹದಲ್ಲಿ ಮನುಷ್ಯರು ಏಳು ಬಣಗಳಾಗಿ ಒಡೆಯುತ್ತಾರೆ. ಒಂದು ಬಣಕ್ಕೆ ಧರ್ಮವೇ ಎಲ್ಲ, ಇನ್ನೊಂದಕ್ಕೆ ಲಾಭ, ಮತ್ತೊಂದಕ್ಕೆ ವಿಜ್ಞಾನ. ಏಳರಲ್ಲಿ ಒಂದರ ನಾಯಕ ಭಾರತೀಯ, ಪ್ರವೀಣ್ ಲಾಲ್. ನೌಕೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾಗಿದ್ದವನು. ಭೂಮಿಯೇ ಹಾಳಾದ ಮೇಲೂ ವಿಶ್ವಸಂಸ್ಥೆಯ ಸನ್ನದನ್ನು ಎದೆಗವಚಿಕೊಂಡು ಶಾಂತಿಪಾಲನಾ ಪಡೆಯ ಹೆಸರಿನಲ್ಲಿ ಆಳುವವನು.

ಈ ಗೇಮ್‌ನಲ್ಲಿ ಗ್ರಹ ಮಂಡಳಿ ಎಂಬ ಸಭೆ ಇದೆ. ಒಂದು ಬಣಕ್ಕೆ ಎಷ್ಟು ಮತ ಎಂಬುದನ್ನು ಅದರ ಜನಸಂಖ್ಯೆ ತೀರ್ಮಾನಿಸುತ್ತದೆ. ಲಾಲ್ ಬಣಕ್ಕೆ ಮಾತ್ರ ಗ್ರಹದ ಗವರ್ನರ್ ಮತ್ತು ಸರ್ವೋಚ್ಚ ನಾಯಕನ ಚುನಾವಣೆಗಳಲ್ಲಿ ಮತಗಳು ಇಮ್ಮಡಿಯಾಗಿ ಎಣಿಕೆಯಾಗುತ್ತವೆ. ಮುಕ್ಕಾಲು ಪಾಲು ಮತ ಬಿದ್ದರೆ ಸರ್ವೋಚ್ಚ ನಾಯಕ ಪಟ್ಟ, ಅದೇ ಗೆಲುವು. ಒಪ್ಪದವನು ಧಿಕ್ಕರಿಸಿ ನಿಲ್ಲಬಹುದು. ಆಗ ಉಳಿದವರೆಲ್ಲ ಸೇರಿ ಅವನ ಮೇಲೆ ಬೀಳುತ್ತಾರೆ. ಅದೇ ಮಂಡಳಿ ವಿಶ್ವಸಂಸ್ಥೆಯ ಸನ್ನದನ್ನು ರದ್ದು ಮಾಡಲೂ ಮತ ಹಾಕಬಹುದು. ರದ್ದಾದ ಮೇಲೆ ವಿಷಾನಿಲ ಸಿಡಿಸಿ ಊರಿಗೆ ಊರನ್ನೇ ಕೊಂದರೂ ಯಾರೂ ಕೇಳುವ ಹಾಗಿಲ್ಲ. ಬಹುಮತ ಸೇರಿದರೆ ಅನ್ಯಾಯವನ್ನೂ ಕಾನೂನುಬದ್ಧ ಮಾಡಬಹುದು ಎಂಬುದನ್ನು 1999ರಲ್ಲೇ ಒಂದು ಗೇಮ್ ಇಷ್ಟು ನೇರವಾಗಿ ಆಟಗಾರನ ಕೈಗಿಟ್ಟಿತ್ತು. ನನಗೆ ಅದರ ಮೇಲಿರುವ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಆದರೆ ಮೂಲ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಜನಸಂಖ್ಯೆಯೇ ಮತವಾದರೆ, ಬೆಳೆದವನ ಬಳಿ ಮತ ತಾನಾಗಿ ಸೇರುತ್ತದೆ. ಯಾರ ಮನವನ್ನೂ ಒಲಿಸಬೇಕಿಲ್ಲ.

2001ರ ಮೂರನೇ ‘ಸಿವಿಲೈಸೇಷನ್’ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಸಣ್ಣದಿರಲಿ ದೊಡ್ಡದಿರಲಿ, ಒಂದು ರಾಷ್ಟ್ರಕ್ಕೆ ಒಂದೇ ಮತ. ವಿಶ್ವಸಂಸ್ಥೆಯ ಕಟ್ಟಡವನ್ನು ಮೊದಲು ಕಟ್ಟಿದವನು ಚುನಾವಣೆ ಕರೆಯುತ್ತಾನೆ. ಕಂಪ್ಯೂಟರ್ ಆಡಿಸುವ ರಾಷ್ಟ್ರಗಳು ತಮಗೆ ಯಾರು ಹೆಚ್ಚು ಇಷ್ಟವೋ ಅವರ ಕಡೆ ಕೈ ಎತ್ತುತ್ತವೆ. ನೋಡಲು ಇದು ನ್ಯಾಯವೆನಿಸುತ್ತದೆ. ಆಟಗಾರರು ಬೇಗನೆ ಇದರ ಒಳಗುಟ್ಟು ಹಿಡಿದರು. ಕಟ್ಟಡ ಮುಗಿಯುವ ಹೊತ್ತಿಗೆ ಸಣ್ಣ ರಾಷ್ಟ್ರಗಳಿಗೆಲ್ಲ ತಂತ್ರಜ್ಞಾನ, ರೇಷ್ಮೆ, ಚಿನ್ನ ಹಂಚುವುದು. ಜೊತೆಗೆ ಪ್ರತಿಸ್ಪರ್ಧಿ ಅಭ್ಯರ್ಥಿಯ ಮೇಲೆ ಎಲ್ಲರನ್ನೂ ಯುದ್ಧಕ್ಕೆ ಹಚ್ಚುವುದು. ಅವನ ಜೊತೆ ಕಾದಾಡುತ್ತಿರುವವರು ಅವನಿಗೆ ಮತ ಹಾಕುವ ಪ್ರಶ್ನೆಯೇ ಇಲ್ಲವಲ್ಲ! ಪ್ರೀತಿ ಗಳಿಸುವುದಕ್ಕಿಂತ ಇನ್ನೊಬ್ಬನ ಮೇಲೆ ದ್ವೇಷ ಹುಟ್ಟಿಸುವುದು ಸುಲಭ ಎಂಬ ಲೆಕ್ಕಾಚಾರ. ಕಟ್ಟಡ ಕಟ್ಟಿದವನೇ ಎಚ್ಚರ ತಪ್ಪಿದರೆ ತಾನು ಕರೆದ ಚುನಾವಣೆಯಲ್ಲಿ ತಾನೇ ಸೋಲುವ ಅಪಾಯವೂ ಇತ್ತು.

ಸೋರೆನ್ ಜಾನ್ಸನ್ ರೂಪಿಸಿದ ನಾಲ್ಕನೆಯದರಲ್ಲಿ (2005) ಮತಗಳು ಮತ್ತೆ ಜನಸಂಖ್ಯೆಗೆ ಮರಳಿದವು. ಅದರಲ್ಲೊಂದು ಒಳ್ಳೆಯ ಗುಣವಿತ್ತು. ಎದುರಿನ ರಾಜನಿಗೆ ನಿಮ್ಮ ಮೇಲೆ ಯಾಕೆ ಮೆಚ್ಚುಗೆ, ಯಾಕೆ ಸಿಟ್ಟು ಎಂಬುದನ್ನು ಕೂಡು-ಕಳೆ ಅಂಕಗಳ ಜೊತೆ ಬರೆದು ತೋರಿಸುತ್ತಿತ್ತು: ಧರ್ಮ ಒಂದೇ, ಗಡಿಯಲ್ಲಿ ಕಿರಿಕಿರಿ, ಕೇಳಿದಾಗ ನೆರವು ಕೊಡಲಿಲ್ಲ ಹೀಗೆ. ಇದಕ್ಕೆ 2007ರಲ್ಲಿ ಬಂದ ‘ಬಿಯಾಂಡ್ ದ ಸೋರ್ಡ್’ ಎಂಬ ವಿಸ್ತರಣೆ ಅಪೋಸ್ಟೋಲಿಕ್ ಪ್ಯಾಲೇಸ್ ಎಂಬ ಕಟ್ಟಡ ಸೇರಿಸಿತು. ಅದು ವಿಶ್ವಸಂಸ್ಥೆಗಿಂತ ಎಷ್ಟೋ ಯುಗ ಮೊದಲೇ ಬರುವ ಧಾರ್ಮಿಕ ಸಭೆ. ಕಟ್ಟಿದವನ ರಾಜಧರ್ಮ ಯಾವುದೋ ಅದೇ ಸಭೆಯ ಧರ್ಮ. ಆ ಧರ್ಮ ಇರುವ ಊರುಗಳ ಜನಸಂಖ್ಯೆಯೇ ಮತ. ಗೆಲುವಿನ ನಿರ್ಣಯ ಮಂಡಿಸಬೇಕಾದರೆ ಪ್ರತಿ ರಾಷ್ಟ್ರದಲ್ಲೂ ಕನಿಷ್ಠ ಒಂದು ಊರಿನಲ್ಲಿ ಆ ಧರ್ಮ ಇರಬೇಕು. ಚಾಣಾಕ್ಷ ಆಟಗಾರರು ಏನು ಮಾಡುತ್ತಿದ್ದರು? ವಿರೋಧಿಗಳ ನಾಡಿನ ಮೂಲೆಯ ಒಂದೇ ಒಂದು ಸಣ್ಣ ಊರಿಗೆ ಪ್ರಚಾರಕನನ್ನು ಕಳಿಸಿ ಧರ್ಮ ಹಬ್ಬಿಸಿ ಸುಮ್ಮನಾಗುತ್ತಿದ್ದರು. ಷರತ್ತೂ ಪೂರೈಸಿತು, ವಿರೋಧಿಗೆ ಹೆಚ್ಚು ಮತವೂ ಸಿಗಲಿಲ್ಲ. ಮತದಾರರ ಪಟ್ಟಿಯನ್ನು ಯಾರು ಬರೆಯುತ್ತಾರೋ ಅವರೇ ಅರ್ಧ ಚುನಾವಣೆ ಗೆದ್ದಂತೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇನ್ನಾವ ಗೇಮ್‌ನಲ್ಲೂ ನಾನು ಕಂಡಿಲ್ಲ.

ನಿಜವಾದ ತಿರುವು ಬಂದಿದ್ದು 2010ರಲ್ಲಿ, ಐದನೇ ಆವೃತ್ತಿಯಲ್ಲಿ. ಅದರ ಮುಖ್ಯ ವಿನ್ಯಾಸಕಾರ ಜಾನ್ ಶೇಫರ್. ಆಗ ಆಟಕ್ಕೆ ನಗರ ರಾಜ್ಯಗಳು ಬಂದವು. ಕಠ್ಮಂಡು, ಸಿಂಗಪುರ, ಜಿನೀವಾ ಮುಂತಾದ ಒಂದೇ ಊರಿನ ಪುಟ್ಟ ರಾಜ್ಯಗಳು. ಇವು ಬೆಳೆಯುವುದಿಲ್ಲ, ದಿಗ್ವಿಜಯಕ್ಕೆ ಹೊರಡುವುದಿಲ್ಲ. ಬಹುಮುಖ್ಯವಾಗಿ, ಇವು ಗೆಲುವಿನ ಓಟದಲ್ಲೇ ಇಲ್ಲ. ಗಂಟು ಸಡಿಲವಾದದ್ದು ಇಲ್ಲಿ. ಗೆಲ್ಲಬೇಕೆಂಬ ಆಸೆ ಇಲ್ಲದವನು ಮಾತ್ರ ಇನ್ನೊಬ್ಬನನ್ನು ಗೆಲ್ಲಿಸಲು ಮತ ಹಾಕಬಲ್ಲ. ಅಂಥ ಮತದಾರನನ್ನು ಈ ಗೇಮ್ ಸೃಷ್ಟಿಸಿತು.

ನಗರ ರಾಜ್ಯಕ್ಕೆ ಅದರದೇ ಬೇಡಿಕೆಗಳಿವೆ. ಪಕ್ಕದ ಕಾಡಿನಲ್ಲಿ ಬೀಡುಬಿಟ್ಟ ದರೋಡೆಕೋರರನ್ನು ಓಡಿಸಿ, ನಿಮ್ಮ ರಾಜಧಾನಿಯಿಂದ ನಮ್ಮೂರಿಗೆ ರಸ್ತೆ ಮಾಡಿಸಿ, ನಮ್ಮಲ್ಲಿಲ್ಲದ ದ್ರಾಕ್ಷಾರಸವನ್ನೋ ದಂತವನ್ನೋ ಸಂಪಾದಿಸಿ ಎಂದು ಕೇಳುತ್ತದೆ. ನಡೆಸಿಕೊಟ್ಟರೆ ಅಲ್ಲಿ ನಿಮ್ಮ ಪ್ರಭಾವ ಏರುತ್ತದೆ. 30 ಅಂಕ ದಾಟಿದರೆ ಸ್ನೇಹಿತ. 60 ದಾಟಿ, ಬೇರೆಲ್ಲರಿಗಿಂತ ಮುಂದಿದ್ದರೆ ಮಿತ್ರ. ಮಿತ್ರನಾಗುವ ಅವಕಾಶ ಒಬ್ಬನಿಗೆ ಮಾತ್ರ, ಆ ರಾಜ್ಯದ ಮತವೂ ಅವನಿಗೇ. ಪ್ರಭಾವ ಹಾಗೇ ನಿಲ್ಲುವುದೂ ಇಲ್ಲ, ಪ್ರತಿ ಟರ್ನ್‌ಗೂ, ಅಂದರೆ ಆಟದ ಪ್ರತಿ ಸರದಿಗೂ, ಸವೆಯುತ್ತಾ ಹೋಗುತ್ತದೆ. ಮರೆತು ಕೂತವನ ಮಿತ್ರ ಇನ್ನೊಬ್ಬನ ಪಾಲು. ಗ್ರೀಕರ ಅಲೆಕ್ಸಾಂಡರ್‌ಗೆ ಮಾತ್ರ ಈ ಸವೆತ ಅರ್ಧದಷ್ಟೇ. ಹಾಗಾಗಿ ಕಂಪ್ಯೂಟರ್ ಆಡಿಸುವ ಅಲೆಕ್ಸಾಂಡರ್ ಒಂದೇ ಖಂಡದಲ್ಲಿ ಎದುರಾದರೆ ಮಿತ್ರರನ್ನು ಉಳಿಸಿಕೊಳ್ಳುವುದೇ ಒಂದು ದೊಡ್ಡ ಕೆಲಸ.

ಹಾಗಿದ್ದೂ 2010ರ ಮೊದಲ ರೂಪದಲ್ಲಿ ಒಂದು ದೊಡ್ಡ ಹುಳುಕಿತ್ತು. ಹಣ ಕೊಟ್ಟರೂ ಪ್ರಭಾವ ಬರುತ್ತಿತ್ತು, ತಕ್ಷಣವೇ ಬರುತ್ತಿತ್ತು. ಹೀಗಾಗಿ ಇಡೀ ಆಟ ಚಿನ್ನ ಕೂಡಿಟ್ಟು, ಮತದಾನದ ಹಿಂದಿನ ಟರ್ನ್‌ನಲ್ಲಿ ಎಲ್ಲ ನಗರ ರಾಜ್ಯಗಳನ್ನೂ ಒಮ್ಮೆಲೇ ಕೊಂಡುಬಿಡುವವರು ಹೆಚ್ಚಾದರು. ಎಂದೂ ತಿರುಗಿ ನೋಡದವನೂ ಕೊನೆಯ ರಾತ್ರಿ ಹಣದ ಥೈಲಿ ಹಿಡಿದು ಬಂದು ಗೆಲ್ಲಬಹುದಿತ್ತು. ಅದೇ ಆವೃತ್ತಿಯಲ್ಲಿ ಇದರ ನೇರ ವಿರುದ್ಧದ ಒಂದು ನಿಯಮವೂ ಇತ್ತೆಂಬುದು ನನಗೆ ಸಮಾಧಾನ. ಯಾರೋ ಗೆದ್ದು ನುಂಗಿಹಾಕಿದ ರಾಷ್ಟ್ರದ ಊರನ್ನು ನೀವು ಬಿಡಿಸಿ ಅದರ ಜನಕ್ಕೇ ಮರಳಿ ಕೊಟ್ಟರೆ, ಸತ್ತ ರಾಷ್ಟ್ರ ಜೀವ ತಳೆಯುತ್ತದೆ, ವಿಶ್ವಸಂಸ್ಥೆಯಲ್ಲಿ ಅದರ ಮತ ನಿಮಗೆ. ಹಣದಿಂದ ಬಂದ ಮತವೂ ಋಣದಿಂದ ಬಂದ ಮತವೂ ಎಣಿಕೆಯಲ್ಲಿ ಒಂದೇ. ಆದರೂ ಹಾಗೆ ಬದುಕಿಸಿದ ರಾಷ್ಟ್ರದ ಮತದಿಂದ ಗೆದ್ದ ಆಟವನ್ನು ಆಡಿದವರು ಮರೆಯುವುದಿಲ್ಲ.

ಎಡ್ ಬೀಚ್ ಮುಂದಾಳತ್ವದಲ್ಲಿ 2013ರಲ್ಲಿ ಬಂದ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆ ಈ ವ್ಯವಸ್ಥೆಯನ್ನು ಅದರ ಅತ್ಯುತ್ತಮ ರೂಪಕ್ಕೆ ತಂದಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುದ್ರಣ ಯಂತ್ರ ಕಂಡುಹಿಡಿದು, ಭೂಮಿಯ ಎಲ್ಲ ರಾಷ್ಟ್ರಗಳನ್ನೂ ಭೇಟಿಯಾದ ಮೊದಲಿಗನು ವರ್ಲ್ಡ್ ಕಾಂಗ್ರೆಸ್ ಸ್ಥಾಪಿಸುತ್ತಾನೆ. ಅಂದರೆ ಸಭೆ ಕೂರಿಸಲು ದಂಡು ಬೇಕಿಲ್ಲ, ಜಗತ್ತನ್ನು ಸುತ್ತಿ ಬಂದ ಹಡಗು ಬೇಕು. ಪ್ರತಿ ಅಧಿವೇಶನದಲ್ಲೂ ಎರಡು ನಿರ್ಣಯ. ಯಾವ ನಿರ್ಣಯ ಬರಲಿದೆ ಎಂಬುದು ಮತದಾನಕ್ಕಿಂತ ಬಹಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ನಡುವಿನ ಕಾಲವೆಲ್ಲ ಓಡಾಟ, ಒಪ್ಪಂದ, ಒತ್ತಡ. ಗೂಢಚಾರನನ್ನು ರಾಯಭಾರಿ ವೇಷದಲ್ಲಿ ಎದುರಾಳಿಯ ರಾಜಧಾನಿಗೆ ಕಳಿಸಿದರೆ, ಆ ರಾಷ್ಟ್ರದ ಮತವನ್ನು ಇಂತಿಷ್ಟು ಚಿನ್ನಕ್ಕೆ ಮಾತಾಡಿಕೊಳ್ಳಬಹುದು.

ನಿರ್ಣಯಗಳೂ ಹರಿತವಾಗಿದ್ದವು. ಸಾಂಬಾರ ಪದಾರ್ಥದ ಮೇಲೆ ನಿಷೇಧ ತಂದರೆ, ಅದನ್ನೇ ನಂಬಿದ್ದ ರಾಷ್ಟ್ರದ ಜನ ಅಸಮಾಧಾನದಿಂದ ಕುದಿಯುತ್ತಾರೆ. ವ್ಯಾಪಾರ ದಿಗ್ಬಂಧನ ಹೇರಿದರೆ ಒಂದು ದೇಶದ ಹಡಗುಗಳಿಗೆ ಹೊರಗಿನ ಬಂದರುಗಳು ಮುಚ್ಚುತ್ತವೆ. ಸೇನೆ ಇಟ್ಟುಕೊಂಡದ್ದಕ್ಕೆ ತೆರಿಗೆ, ಅಣ್ವಸ್ತ್ರ ತಯಾರಿಕೆಗೆ ತಡೆ, ವಿಶ್ವಮೇಳ, ಅಂತರರಾಷ್ಟ್ರೀಯ ಕ್ರೀಡಾಕೂಟ ಎಲ್ಲವೂ ಮತದಿಂದಲೇ. ಗೆಲುವು ದೂರದ ಮಾತು. ಈ ಸಭೆ ಮಧ್ಯದಾರಿಯಲ್ಲೇ ನಿಮ್ಮ ಹೊಟ್ಟೆಯ ಮೇಲೆ ಹೊಡೆಯಬಲ್ಲದು ಎಂಬ ಕಾರಣಕ್ಕೆ, ಯುದ್ಧದಿಂದಲೇ ಗೆಲ್ಲುವೆನೆಂದು ಹೊರಟವನೂ ಇದರತ್ತ ಕಣ್ಣಿಡಬೇಕಿತ್ತು.

ಇಷ್ಟೆಲ್ಲ ಆದ ಮೇಲೂ ನಿಜವಾದ ವಿಶ್ವಸಂಸ್ಥೆಯಲ್ಲಿರುವ ಒಂದು ಸಂಗತಿ ಇಲ್ಲಿ ಸರಿಯಾಗಿ ಬರಲೇ ಇಲ್ಲ. ಅದು ಮತ ಹಾಕದೆ ಕೂರುವುದರ ಭಾರ. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು, ನಮ್ಮ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು. ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿದ ದಿನಗಳವು. ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ತಕರಾರಿನಲ್ಲಿ ಸೋವಿಯತ್ ಒಕ್ಕೂಟ ಸಭೆಯಿಂದ ಹೊರಗುಳಿದಿತ್ತು. ಅದು ಒಳಗೆ ಇದ್ದಿದ್ದರೆ ವೀಟೊ ಬೀಳುತ್ತಿತ್ತು. ಆಕ್ರಮಣ ನಿಲ್ಲಿಸಬೇಕೆಂಬ ಜೂನ್ 25ರ ನಿರ್ಣಯಕ್ಕೆ ಭಾರತ ಮತ ಹಾಕಿತು. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ಜೂನ್ 27ರ ನಿರ್ಣಯದ ಹೊತ್ತಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ, ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಆಮೇಲೆ ಭಾರತ ಆ ನಿರ್ಣಯವನ್ನೂ ಒಪ್ಪಿತು. ಒಂದು ಖಾಲಿ ಕುರ್ಚಿ, ಚಲಾಯಿಸದ ಒಂದು ಮತ, ಎರಡೂ ಆ ವಾರ ಜಗತ್ತಿನೆಲ್ಲೆಡೆ ಲೆಕ್ಕಕ್ಕೆ ಬಂದವು. ಗೇಮ್‌ನಲ್ಲಿಯೂ ತಟಸ್ಥವಾಗಿ ಉಳಿಯುವ ಅವಕಾಶ ಇದೆ. ಹಾಗೆ ಉಳಿದರೆ ಯಾರಿಗೂ ಸಿಟ್ಟಿಲ್ಲ, ಯಾರಿಗೂ ಸಂತೋಷವಿಲ್ಲ. ತಟಸ್ಥ ನಿಲುವನ್ನು ತನ್ನ ವಿದೇಶಾಂಗ ನೀತಿಯ ಮುಖ್ಯ ಸಾಧನ ಮಾಡಿಕೊಂಡ ದೇಶದವರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ.

ಆರನೇ ಆವೃತ್ತಿಗೆ 2019ರಲ್ಲಿ ಬಂದ ‘ಗ್ಯಾದರಿಂಗ್ ಸ್ಟಾರ್ಮ್’ ಇಡೀ ಲೆಕ್ಕವನ್ನೇ ಬದಲಿಸಿತು. ಇಲ್ಲಿ ಒಂದೇ ಮತದಾನದಿಂದ ಗೆಲುವು ಸಿಗುವುದಿಲ್ಲ. ರಾಜತಾಂತ್ರಿಕ ಅಂಕಗಳನ್ನು ಒಂದೊಂದಾಗಿ ಕೂಡಿಸಿ ಇಪ್ಪತ್ತು ಮುಟ್ಟಬೇಕು. ಡಿಪ್ಲೊಮ್ಯಾಟಿಕ್ ಫೇವರ್ ಎಂಬ ನಾಣ್ಯವೊಂದಿದೆ. ಮೈತ್ರಿಗಳಿಂದ, ನಗರ ರಾಜ್ಯಗಳ ಬೆಂಬಲದಿಂದ, ಒಳ್ಳೆಯ ಸರ್ಕಾರದಿಂದ ಅದು ಸೇರುತ್ತದೆ. ಇನ್ನೊಬ್ಬರ ರಾಜಧಾನಿ ಹಿಡಿದು ಕೂತರೆ, ವಿಪರೀತ ಇಂಗಾಲ ಉಗುಳಿದರೆ ಕರಗುತ್ತದೆ. ಪ್ರತಿ ನಿರ್ಣಯಕ್ಕೂ ಮೊದಲ ಮತ ಉಚಿತ, ಆಮೇಲಿನ ಒಂದೊಂದು ಮತವೂ ಹಿಂದಿನದಕ್ಕಿಂತ ದುಬಾರಿ. ನೆರೆ, ಬಿರುಗಾಳಿಗೆ ಸಿಕ್ಕಿದವರಿಗೆ ನೆರವು ಕಳಿಸುವುದಕ್ಕೂ ಅಂಕವಿದೆ. ಇದು ಸರಣಿಯಲ್ಲೇ ಅತ್ಯಂತ ಮಾನವೀಯ ಸೇರ್ಪಡೆ.

ಆದರೆ ಗೆದ್ದ ಪಕ್ಷಕ್ಕೆ ಮತ ಹಾಕಿದವರಿಗೆಲ್ಲ ಒಂದು ಅಂಕ ಎಂಬ ನಿಯಮ ಬಂತು. ಅದು ಮತದ ಅರ್ಥವನ್ನೇ ತಿರುಚಿತು. ನಿರ್ಣಯ ನಿಮಗೆ ಬೇಕೋ ಬೇಡವೋ ಎಂಬುದು ಈಗ ಹಿಂದೆ ಸರಿಯಿತು. ಉಳಿದವರು ಯಾವ ಕಡೆ ವಾಲುತ್ತಾರೆ ಎಂದು ಊಹಿಸಿ ಅತ್ತ ಸೇರಿಕೊಳ್ಳುವುದೇ ಜಾಣತನ. ಇದರ ತುತ್ತತುದಿ ಕೊನೆಯ ಘಟ್ಟದಲ್ಲಿ ಕಾಣುತ್ತದೆ. ಒಬ್ಬ ರಾಷ್ಟ್ರನಾಯಕನಿಗೆ ಎರಡು ಅಂಕ ಕೊಡಬೇಕೋ, ಅವನಿಂದ ಎರಡು ಅಂಕ ಕಿತ್ತುಕೊಳ್ಳಬೇಕೋ ಎಂಬ ನಿರ್ಣಯ ಬರುತ್ತದೆ. ನೀವು ಮುಂದಿದ್ದರೆ ಉಳಿದವರೆಲ್ಲ ನಿಮ್ಮಿಂದ ಕಿತ್ತುಕೊಳ್ಳಲು ಒಟ್ಟಾಗುತ್ತಾರೆ. ತಡೆಯುವಷ್ಟು ಮತ ನಿಮ್ಮಲ್ಲಿಲ್ಲ. ಅನುಭವಿ ಆಟಗಾರರು ಆಗ ತಮ್ಮ ವಿರುದ್ಧ ತಾವೇ ಮತ ಹಾಕುತ್ತಾರೆ. ಎರಡು ಹೋದರೂ, ಗೆದ್ದ ಪಕ್ಷದಲ್ಲಿದ್ದದ್ದಕ್ಕೆ ಒಂದು ಮರಳಿ ಬರುತ್ತದೆ. ಮತ್ತೊಂದು ವಿಚಿತ್ರವಿದೆ. ಕಂಪ್ಯೂಟರ್ ರಾಷ್ಟ್ರಗಳು ತಮ್ಮ ಫೇವರ್ ಅನ್ನು ಚಿನ್ನಕ್ಕೆ ಮಾರಿಬಿಡುತ್ತವೆ. ನಿಮ್ಮನ್ನು ತಡೆಯಬಹುದಾಗಿದ್ದ ಮತಗಳನ್ನು ನಿಮಗೇ ಮಾರುತ್ತಿದ್ದೇವೆ ಎಂಬ ಅರಿವು ಅವಕ್ಕಿಲ್ಲ. ಎದುರಾಳಿ ನಿಮಗೇಕೆ ಮತ ಹಾಕಬೇಕು ಎಂಬ ಪ್ರಶ್ನೆಗೆ ಆರನೆಯದು ಕೊಟ್ಟ ಉತ್ತರ ಇಷ್ಟೇ: ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಾಗದಿರಲಿ. ಈ ಉತ್ತರ ನನಗೆ ಸಾಲದು.

‘ಸಿವಿಲೈಸೇಷನ್’ ಬಿಟ್ಟು ಹೊರಗೆ ನೋಡಿದರೆ, ಸ್ವೀಡನ್‌ನ ಪ್ಯಾರಡಾಕ್ಸ್ ಕಂಪನಿಯ ‘ಸ್ಟೆಲಾರಿಸ್’ ಬೇರೆಯದೇ ಜಾಗಕ್ಕೆ ಹೋಗಿದೆ. ನಕ್ಷತ್ರಮಂಡಲದ ನಾನಾ ಜೀವಿಗಳ ಸಾಮ್ರಾಜ್ಯಗಳು ಒಂದು ಮಹಾಸಭೆಯಲ್ಲಿ ಸೇರುತ್ತವೆ. ಸೇನಾಬಲ, ಆರ್ಥಿಕತೆ, ವಿಜ್ಞಾನ, ಜನಸಂಖ್ಯೆ ಎಲ್ಲ ಸೇರಿ ಒಂದೊಂದರ ಮತದ ತೂಕ. 2021ರ ‘ನೆಮಿಸಿಸ್’ ವಿಸ್ತರಣೆಯ ನಂತರ ಸಭೆ ಒಬ್ಬನನ್ನು ರಕ್ಷಕ ಎಂದು ಆರಿಸಬಹುದು. ಮೊದಲು ಸೀಮಿತ ಅವಧಿಗೆ. ಆಮೇಲೆ ಅವನೇ ಅವಧಿ ಮಿತಿ ತೆಗೆಯುವ ನಿರ್ಣಯ ತರುತ್ತಾನೆ. ಕೊನೆಗೆ ಸಭೆಯನ್ನೇ ಸಾಮ್ರಾಜ್ಯವಾಗಿಸಿ ತಾನು ಚಕ್ರವರ್ತಿಯಾಗುವ ನಿರ್ಣಯ. ಪ್ರತಿ ಹೆಜ್ಜೆಯೂ ಮತದಿಂದ, ನಿಯಮದ ಪ್ರಕಾರ. ಅಲ್ಲಿಗೆ ಗೇಮ್ ಮುಗಿಯುವುದೂ ಇಲ್ಲ. ಮತ ಹಾಕಿದವರು ಆ ಮತದ ಫಲದಲ್ಲಿಯೇ ಬದುಕಬೇಕು, ಬೇಕಿದ್ದರೆ ದಂಗೆ ಏಳಬೇಕು.

2025ರ ಫೆಬ್ರುವರಿಯಲ್ಲಿ ಏಳನೇ ‘ಸಿವಿಲೈಸೇಷನ್’ ಬಂತು. ಯುದ್ಧ, ಆರ್ಥಿಕತೆ, ವಿಜ್ಞಾನ, ಸಂಸ್ಕೃತಿ ಎಂದು ನಾಲ್ಕು ದಾರಿಗಳನ್ನು ಕೊಟ್ಟಿತು. ಬಿಡುಗಡೆಯಾದಾಗ ಅದರಲ್ಲಿ ರಾಜತಾಂತ್ರಿಕ ಗೆಲುವು ಇರಲಿಲ್ಲ, ಸಭೆಯೂ ಇರಲಿಲ್ಲ. ಪ್ರಭಾವ ಎಂಬ ನಾಣ್ಯ ಮಾತ್ರ ಉಳಿದಿತ್ತು. ಅದನ್ನು ಖರ್ಚು ಮಾಡಿ ಸುತ್ತಲಿನ ಸ್ವತಂತ್ರ ಪಂಗಡಗಳ ಸ್ನೇಹ ಗಳಿಸಿ, ಅವನ್ನು ನಗರ ರಾಜ್ಯಗಳಾಗಿ ಬೆಳೆಸಬಹುದು. ಅಂದರೆ ಮತದಾರ ಇದ್ದಾನೆ, ಮತಪೆಟ್ಟಿಗೆ ಇಲ್ಲ. ಅಶೋಕನಂಥ ನಾಯಕನನ್ನು ಪಟ್ಟಿಗೆ ಸೇರಿಸಿಕೊಂಡ ಆವೃತ್ತಿಯಲ್ಲಿ ಇದೊಂದು ನಿಜವಾದ ನಷ್ಟ. ಆ ದಾರಿ ಎಂದೂ ಪೂರ್ತಿ ಸರಿಯಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ಪುಟ್ಟ ಊರಿಗೆ ರಸ್ತೆ ಮಾಡಿಸಿದ್ದು ಮುನ್ನೂರು ವರ್ಷದ ನಂತರ ಮತವಾಗಿ ಮರಳುವ ಅನುಭವವನ್ನು ಉಳಿದ ಯಾವ ದಾರಿಯೂ ಕೊಡುವುದಿಲ್ಲ.

ಆಡಿ ನೋಡುವ ಮನಸ್ಸಿರುವವರು ‘ಬ್ರೇವ್ ನ್ಯೂ ವರ್ಲ್ಡ್’ ಸಹಿತ ಐದನೆಯದರಿಂದಲೇ ಶುರು ಮಾಡಲಿ. ಗ್ರೀಸ್ ಅಥವಾ ಸಯಾಮ್ ಆರಿಸಿಕೊಂಡರೆ ನಗರ ರಾಜ್ಯಗಳ ಸ್ನೇಹದ ಬೆಲೆ ಬೇಗ ತಿಳಿಯುತ್ತದೆ. ಮೊದಲೇ ಒಂದು ಹಡಗನ್ನು ಭೂಮಿ ಸುತ್ತಲು ಕಳಿಸಿಬಿಡಿ. ಮುದ್ರಣ ಯಂತ್ರ ಕೈಗೆ ಬರುವ ಹೊತ್ತಿಗೆ ಎಲ್ಲ ರಾಷ್ಟ್ರಗಳ ಪರಿಚಯವೂ ಆಗಿರಬೇಕು. ಮೊದಲ ಅಧಿವೇಶನದಲ್ಲಿ ಯಾರನ್ನೂ ಕೆಣಕದ ನಿರ್ಣಯವೊಂದನ್ನು ಮಂಡಿಸಿ, ವಿಶ್ವಮೇಳವಾದರೆ ಚೆನ್ನ. ನಾಲ್ಕು ಜನ ಗೆಳೆಯರೊಂದಿಗೆ ಆಡುವುದಾದರೆ, ಶುರುವಿನ ಪರದೆಯಲ್ಲಿ ರಾಜತಾಂತ್ರಿಕ ಗೆಲುವಿನ ಆಯ್ಕೆಯನ್ನು ತೆಗೆಯಬೇಡಿ. ಗೆಳೆಯರು ಒಬ್ಬರಿಗೊಬ್ಬರು ಮತ ಹಾಕುವುದಿಲ್ಲ, ನಿಜ. ಅದಕ್ಕೇ ಅಲ್ಲಿ ನಗರ ರಾಜ್ಯಗಳಿಗಾಗಿ ನಡೆಯುವ ಪೈಪೋಟಿ ಯಾವ ಯುದ್ಧಕ್ಕೂ ಕಡಿಮೆಯಿಲ್ಲ.